ಬುರ್ಸಾಗೆ ಹೋಗಿ ಬಂದ ದೊಡ್ಡಬಳ್ಳಾಪುರದ ಬುಷ್

ಹೊರಡುವ ಮೊದಲು

ಪಾಸ್‌ಪೋರ್ಟು ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ ಉಳಿದುಬಿಡಬಹುದು. ಉಳಿಯದಿದ್ದರೂ ಅದರಲ್ಲಿರುವ ಫೋಟೋ ನನ್ನದಲ್ಲ ಎಂದು ಅಧಿಕಾರಿಗೆ ಅನ್ನಿಸಬಹುದು. ನನಗೇ ಹಲವು ಸಲ ಹಾಗನ್ನಿಸಿದೆ. ಚೀಲದಲ್ಲಿರುವ ಕಪ್ಪನೆಯ ಗುಂಡು ವಸ್ತುಗಳನ್ನು ಎಕ್ಸ್‌ರೇಯಲ್ಲಿ ಕಂಡವರು ಸೈರನ್ ಒತ್ತಬಹುದು. ಉಪ್ಪಿನಕಾಯಿ ಡಬ್ಬಿ ಆಕಾಶದಲ್ಲಿ ಒಡೆದು ನನ್ನ ಬನಿಯನ್ನುಗಳೆಲ್ಲ ಮಿಡಿಮಾವಿನ ವಾಸನೆ ಹೊಡೆಯಬಹುದು. ವಿಮಾನದ ಶೌಚಾಲಯದ ಚಿಲಕ ಸಿಕ್ಕಿಕೊಂಡು ನಾನೊಬ್ಬನೇ ಒಳಗಿರುವಾಗ ಇಡೀ ವಿಮಾನ ಇಳಿದು ಖಾಲಿಯಾಗಬಹುದು. ದವಡೆ ಹಲ್ಲು ಹೊತ್ತಲ್ಲದ ಹೊತ್ತಿನಲ್ಲಿ ನೋಯಬಹುದು. ಮೀಟಿಂಗಿನಲ್ಲಿ ಇಂಗ್ಲಿಷ್ ಮರೆತುಹೋಗಬಹುದು. ಬಾತ್‌ರೂಮಿನಲ್ಲಿ ಜಾರಬಹುದು. ಜಾರಿದರೆ ಅಲ್ಲಿಯ ಆಸ್ಪತ್ರೆಯಲ್ಲಿ ಎಲ್ಲಿ ನೋಯುತ್ತದೆ ಎಂದು ಹೇಗೆ ಹೇಳುವುದು? ಎಲ್ಲಕ್ಕಿಂತ ಹೆಚ್ಚಾಗಿ, ಸ್ಯಾಂಪಲ್ ಫೇಲಾಗಬಹುದು.

ಇದನ್ನೆಲ್ಲ ಹೆಂಡತಿ ಮಂಜುಳಾಗೆ ಒಂದೊಂದಾಗಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

"ಹೋಗ್ತಿರೋದು ಟರ್ಕಿಗೋ, ಯಮಲೋಕಕ್ಕೋ? ದೇವನಹಳ್ಳಿ ಬಸ್ ಹತ್ತೋವಾಗ್ಲೂ ನೀವು ಹಿಂಗೇ ಆಡ್ತೀರ. ನಾನು ಒಲೆ ಮುಂದೆ ನಿಂತಿರೋವಾಗ್ಲೇ ಗ್ಯಾಸ್ ಆಫ್ ಮಾಡಿದ್ಯಾ ಅಂತ ಕೇಳೋ ಮನುಷ್ಯ."

ನಮ್ಮ ಮನೆ ಇರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ. ವಿಮಾನಗಳ ಹೊಟ್ಟೆ ನೋಡಿ ನೋಡಿ ಅಭ್ಯಾಸ ಇದೆ. ಒಳಗೆ ಕೂತ ಅಭ್ಯಾಸ ಇರಲಿಲ್ಲ. ಕೆಲಸ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಾರ್ಖಾನೆಯಲ್ಲಿ. ಕಾರಿನ ಚಕ್ರದ ತೋಳು ತಳಕ್ಕೆ ಸೇರುವ ಜಾಗದಲ್ಲಿ ಕೂರುವ ರಬ್ಬರ್ ಬುಷ್ ಮಾಡುತ್ತೇವೆ. ಒಳಗೊಂದು ಉಕ್ಕಿನ ಕೊಳವೆ, ಸುತ್ತ ರಬ್ಬರು. ಗುಂಡಿಯ ಏಟನ್ನು ಮೊದಲು ತಿನ್ನುವುದು ಅದು. ಇರುವವರೆಗೆ ಯಾರಿಗೂ ಅದರ ನೆನಪಿಲ್ಲ. ಸವೆದ ಮೇಲೆ "ಬುಷ್ ಹೋಗಿದೆ ಸಾರ್" ಎಂದು ಮೆಕ್ಯಾನಿಕ್ ಹೇಳುತ್ತಾನಲ್ಲ, ಅದೇ. ನಾನು ಅಲ್ಲಿಯ ಗುಣಮಟ್ಟ ವಿಭಾಗದವನು. ಅಂದರೆ ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು.

ಇಷ್ಟು ವರ್ಷ ನಮ್ಮ ಬುಷ್ ಒಂದು ಕಾರಿನ ಕಂಪನಿಗೆ ಹೋಗುತ್ತಿತ್ತು. ಅದರ ಕಡುವೈರಿ ಕಂಪನಿಗೆ ಹೊಸಕೋಟೆ ಕಡೆಯ ಇನ್ನೊಂದು ಕಾರ್ಖಾನೆಯ ಬುಷ್ ಹೋಗುತ್ತಿತ್ತು. ಈಗ ಆ ವೈರಿಗಳಿಬ್ಬರೂ ರಾಜಿಯಾಗಿದ್ದಾರೆ. ಹೊಸ ಕಾರಿನ ತಳವನ್ನು ಮೊದಲಿನಿಂದ ರೂಪಿಸುವ ಖರ್ಚು ಒಬ್ಬೊಬ್ಬರೇ ಹೊರಲಾರದಷ್ಟು ಬೆಳೆದಿದೆಯಂತೆ. ಅದಕ್ಕೆ ಇಬ್ಬರೂ ಸೇರಿ ಒಂದೇ ತಳ ಮಾಡಿ, ಮೇಲೆ ಅವರವರ ಮೈ ಕೂರಿಸಿ ಮಾರುತ್ತಾರೆ. ಪ್ಲಾಟ್‌ಫಾರ್ಮ್ ಹಂಚಿಕೆ ಎಂದರೆ ಇಷ್ಟೇ. ಆದರೆ ತಳ ಒಂದೇ ಆದರೆ ಬುಷ್ ಕೂಡ ಒಂದೇ.

ಯಾರ ಬುಷ್? ಅದನ್ನು ತೀರ್ಮಾನಿಸುವುದು ಟರ್ಕಿಯ ಬುರ್ಸಾ ಎಂಬ ಊರಿನಲ್ಲಿರುವ ಅವರ ಪ್ರಯೋಗಾಲಯ. ಇಬ್ಬರೂ ಪಾಸಾದರೆ ಕೆಲಸ ಅರ್ಧರ್ಧ. ಒಬ್ಬನೇ ಪಾಸಾದರೆ ಪೂರ್ತಿ ಅವನದು. ನಮಗೆ ಏನೂ ಸಿಗದಿದ್ದರೆ ನಮ್ಮ ಬುಷ್ ವಿಭಾಗ ಮುಚ್ಚುತ್ತದೆ ಎಂದು ಮಾಲೀಕರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಆ ವಿಭಾಗದಲ್ಲಿರುವವರೆಲ್ಲ ಸುತ್ತಮುತ್ತಲ ಹಳ್ಳಿಗಳ ಹೆಂಗಸರು. ಅವರಿಗೆಲ್ಲ ಹಿರಿಯಳು ಜಯಮ್ಮ, ಮಾಕಳಿ ಕಡೆಯವಳು, ನನ್ನನ್ನು ಬೈಯುವ ಹಕ್ಕನ್ನು ತಾನೇ ಪಡೆದುಕೊಂಡವಳು.

"ಸಾರ್, ನೀವು ಅಲ್ಲಿ ಹೋಗಿ ಫೇಲಾಗ್ತದೆ ಫೇಲಾಗ್ತದೆ ಅಂತ ಅವರಿಗೇ ಹೇಳ್ಕೊಡಬೇಡಿ" ಎಂದು ಗೇಟಿನವರೆಗೆ ಬಂದು ಎಚ್ಚರಿಸಿದಳು.

ನೀರಿನ ಮೇಲೆ

ಇಸ್ತಾಂಬುಲಿನಲ್ಲಿ ಇಳಿದಾಗ ಪಾಸ್‌ಪೋರ್ಟು ಜೇಬಿನಲ್ಲಿತ್ತು, ಅಧಿಕಾರಿ ಫೋಟೋ ಕಡೆ ನೋಡಲೂ ಇಲ್ಲ, ಉಪ್ಪಿನಕಾಯಿ ಡಬ್ಬಿ ಒಡೆದಿರಲಿಲ್ಲ. ಸ್ವಲ್ಪ ನಿರಾಸೆಯೇ ಆಯಿತು ಅನ್ನಿ.

ಹೊರಗೆ ಕಾರು ಕಾಯುತ್ತಿತ್ತು. ಹಿಂದಿನ ಸೀಟಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಅಚ್ಚುಕಟ್ಟಾಗಿ ಕತ್ತರಿಸಿದ ಬಿಳಿ ಗಡ್ಡ, ತೊಡೆಯ ಮೇಲೆ ಅಂಟುಪಟ್ಟಿ ಸುತ್ತಿದ ಒಂದು ಪೆಟ್ಟಿಗೆ. ನನ್ನ ತೊಡೆಯ ಮೇಲೂ ಅಂಥದೇ ಪೆಟ್ಟಿಗೆ. ಇಬ್ಬರೂ ಒಬ್ಬರ ಪೆಟ್ಟಿಗೆಯನ್ನು ಒಬ್ಬರು ನೋಡಿದೆವು. ಮುಖ ನೋಡಿದ್ದು ಆಮೇಲೆ.

"ಹೊಸಕೋಟೆ" ಎಂದರು ಅವರು.

"ದೊಡ್ಡಬಳ್ಳಾಪುರ" ಎಂದೆ.

ಅವರ ಹೆಸರು ಇಮ್ತಿಯಾಜ್. ವರ್ಷಾನುಗಟ್ಟಲೆ ಬೇರೆಬೇರೆ ಟೆಂಡರುಗಳಲ್ಲಿ ನಮ್ಮ ಬೆಲೆಗಿಂತ ಒಂದು ಕಾಸು ಕಡಿಮೆ ಹಾಕಿ ನಮ್ಮ ಮಾಲೀಕರ ನಿದ್ದೆ ಕೆಡಿಸಿದ ಕಾರ್ಖಾನೆಯ ಮನುಷ್ಯ.

ದಾರಿಯಲ್ಲಿ ಕಾರನ್ನೇ ಒಂದು ದೊಡ್ಡ ದೋಣಿಗೆ ಹತ್ತಿಸಿದರು. ಮರ್ಮರ ಸಮುದ್ರದ ಒಂದು ಕೊಲ್ಲಿ ದಾಟಬೇಕಿತ್ತು. ದೋಣಿ ಹೊರಟಿತೋ ಇಲ್ಲವೋ, ಪ್ರಯಾಣಿಕರು ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ ಕೊಂಡು, ಅರ್ಧ ತಾವು ತಿಂದು ಇನ್ನರ್ಧವನ್ನು ಮುರಿದು ಮುರಿದು ಆಕಾಶಕ್ಕೆ ಎಸೆಯತೊಡಗಿದರು. ಕಡಲಹಕ್ಕಿಗಳು ದೋಣಿಯ ಜೊತೆಗೇ ಹಾರುತ್ತ ಒಂದು ಚೂರೂ ನೀರಿಗೆ ಬೀಳದಂತೆ ಹಿಡಿಯುತ್ತಿದ್ದವು. ನಾನೂ ಎಸೆದೆ. ನನ್ನ ಚೂರು ಗಾಳಿಗೆ ತಿರುಗಿ ಬಂದು ಒಬ್ಬ ಅಜ್ಜಿಯ ತಲೆವಸ್ತ್ರದ ಮೇಲೆ ಕೂತಿತು. ಅದರ ಹಿಂದೆಯೇ ಹಕ್ಕಿಯೂ ಬಂತು. ಅಜ್ಜಿ ಬೈದಳು. ಅವಳ ಮಾತು ಒಂದೂ ತಿಳಿಯಲಿಲ್ಲ, ಅರ್ಥವೆಲ್ಲ ಆಯಿತು.

ಇಮ್ತಿಯಾಜ್ ಮೊದಲ ಬಾರಿಗೆ ನಕ್ಕರು. "ಸ್ಯಾಂಪಲ್ ಪೆಟ್ಟಿಗೆ ಎಸೀಬೇಡಿ ಸ್ವಾಮಿ, ಆಮೇಲೆ ನನ್ ಮೇಲೆ ಬರ್ತದೆ."

ಹಂಚಿಕೊಂಡ ರೂಮು

ಹೋಟೆಲಿನಲ್ಲಿ ಹೊಸ ಸುದ್ದಿ ಕಾದಿತ್ತು. ಬುಕ್ ಮಾಡಿದವರು ಇಬ್ಬರಿಗೂ ಸೇರಿಸಿ ಒಂದೇ ರೂಮು ಹಿಡಿದಿದ್ದರು. ಖರ್ಚು ಉಳಿಸುವ ಹುರುಪು ಕಾರಿನ ತಳದಿಂದ ಹಾಸಿಗೆಯವರೆಗೆ ಬಂದುಬಿಟ್ಟಿತ್ತು.

ಸ್ವಾಗತದ ಮೇಜಿನ ಹುಡುಗಿ ನಗುತ್ತ ಒಂದು ಬಾಟಲಿ ಎತ್ತಿಕೊಂಡು, ಕೈ ಚಾಚಿ ಎಂದು ಸನ್ನೆ ಮಾಡಿದಳು. ನಾನು ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಮಾಡಿದೆ. ತಣ್ಣಗಿನ ನೀರು ಅಂಗೈಗೆ ಬಿತ್ತು. ಕಣ್ಣು ಮುಚ್ಚಿ, ಸೊರ್ರೆಂದು ಹೀರಿ, ಉಳಿದದ್ದನ್ನು ನೆತ್ತಿಗೆ ಸವರಿಕೊಂಡೆ. ಗಂಟಲು ಉರಿಯಿತು. ಕಣ್ಣಲ್ಲಿ ನೀರು ಬಂತು. ಹುಡುಗಿ ಬಾಟಲಿ ಹಿಡಿದುಕೊಂಡೇ ನಿಂತಿದ್ದಳು.

"ಅರೇ ಸ್ವಾಮಿ, ಅದು ಸೆಂಟು! ಕೈಗೆ ಉಜ್ಜಿಕೊಳ್ಳೋಕೆ ಕೊಡೋದು!" ಇಮ್ತಿಯಾಜ್ ಗೋಡೆ ಹಿಡಿದು ನಗುತ್ತಿದ್ದರು. "ನಾನು ಏನಾದ್ರೂ ಕುಡಿದಿದ್ರೆ ನಮ್ಮೂರಲ್ಲಿ ಒಂದ್ ವರ್ಷ ಇದೇ ಮಾತು."

ನಿಂಬೆಹಣ್ಣಿನ ಪರಿಮಳದ ನೀರನ್ನು ಬಂದವರ ಕೈಗೆ ಹಾಕುವುದು ಅಲ್ಲಿಯ ಮರ್ಯಾದೆ. ತೀರ್ಥ ಕಂಡರೆ ತಾನಾಗಿ ಮುಂದಕ್ಕೆ ಬರುವ ಕೈ ನಮ್ಮದು. ಯಾವ ಮೇಜು, ಯಾವ ದೇವಸ್ಥಾನ ಎಂದು ಕೇಳುವ ಪದ್ಧತಿ ಅದಕ್ಕಿಲ್ಲ. ಸಂಜೆಯವರೆಗೂ ನನ್ನ ತೇಗಿನಲ್ಲಿ ನಿಂಬೆ ಇತ್ತು.

ರೂಮಿನಲ್ಲಿ ಮೊದಲು ಗಡಿ ಗುರುತಾಯಿತು. ನನ್ನ ಪೆಟ್ಟಿಗೆ ನನ್ನ ದಿಂಬಿನ ಕೆಳಗೆ. ಅವರ ಪೆಟ್ಟಿಗೆ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ. ನಾನು ಸ್ನಾನಕ್ಕೆ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೋದೆ. ಹೊರಗೆ ಬಂದಾಗ ಅವರು, ತಾವು ಸ್ನಾನಕ್ಕೆ ಹೋಗುವಾಗ ಬೀರುವನ್ನು ಎತ್ತಿಕೊಳ್ಳುವವರಂತೆ ಒಮ್ಮೆ ತಬ್ಬಿ ತೋರಿಸಿದರು.

ಗಡಿ ಮುರಿದದ್ದು ಹಸಿವು. ನಾನು ರಾಗಿ ಹಿಟ್ಟು, ಉಪ್ಪಿನಕಾಯಿ ತಂದಿದ್ದೆ, ಬೇಯಿಸಲು ಏನೂ ತಂದಿರಲಿಲ್ಲ. ಅವರು ಕರೆಂಟಿನ ಕೆಟಲ್ ತಂದಿದ್ದರು, ಅದರಲ್ಲಿ ಹಾಕಲು ಟೀ ಸೊಪ್ಪು ಬಿಟ್ಟರೆ ಏನೂ ಇರಲಿಲ್ಲ. ಬೆಳಿಗ್ಗೆ ಅವರ ಕೆಟಲ್‌ನಲ್ಲಿ ನನ್ನ ರಾಗಿ ಗಂಜಿಯಾಯಿತು. ತಳ ಹಿಡಿಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಂಬದಿಯಿಂದ ಇಬ್ಬರೂ ಸರದಿಯಲ್ಲಿ ಕೆರೆದೆವು.

"ಕಾರಿನವರೂ ಹಿಂಗೇ ಅಲ್ವಾ?" ಎಂದರು ಇಮ್ತಿಯಾಜ್, ಲೋಟ ಮುಗಿಸಿ. "ಕೆಟಲ್ ಒಬ್ಬರ್ದು, ಹಿಟ್ಟು ಒಬ್ಬರ್ದು. ತಳ ಕೆರೆಯೋವಾಗ ಜಗಳ."

ಒಂದೇ ತಳ

ಪ್ರಯೋಗಾಲಯವಿದ್ದ ಕಾರಿನ ಕಾರ್ಖಾನೆ ನಮ್ಮ ಪಕ್ಕದೂರು ಸೂಲಿಬೆಲೆಯಷ್ಟು ದೊಡ್ಡದಿತ್ತು ಎಂದರೆ ಉತ್ಪ್ರೇಕ್ಷೆ, ಆದರೆ ತೀರಾ ಸುಳ್ಳಲ್ಲ. ನಮ್ಮನ್ನು ಕರೆದುಕೊಂಡು ಹೋದವರು ನೆರ್ಮಿನ್ ಎಂಬ ಮಹಿಳೆ, ಅಳತೆಯ ವಿಭಾಗದ ಮುಖ್ಯಸ್ಥೆ. ಕೊರಳಲ್ಲಿ ಹಳದಿ ಪಟ್ಟಿ. ಆ ಪಟ್ಟಿಯ ಬಣ್ಣಕ್ಕೆ ಅಲ್ಲಿ ಬಹಳ ಅರ್ಥವಿತ್ತು. ಒಂದು ಕಂಪನಿಯವರಿಗೆ ನೀಲಿ, ಇನ್ನೊಂದರವರಿಗೆ ಬೂದು. ನೀಲಿಯವರು ಬೂದು ಬಾಗಿಲಿನ ಒಳಗೆ ಕಾಲಿಡುವಂತಿಲ್ಲ, ಬೂದು ಪಟ್ಟಿಯವರು ನೀಲಿ ಬಾಗಿಲಿನೊಳಗೆ ಇಣುಕುವಂತಿಲ್ಲ. ಮೈಯ ವಿನ್ಯಾಸ, ದೀಪದ ಆಕಾರ, ಸೀಟಿನ ಹೊಲಿಗೆ ಎಲ್ಲ ಗುಟ್ಟು. ಹಳದಿಯವರು ತಳದವರು, ಇಬ್ಬರಿಗೂ ಸೇರಿದವರು. ಅವರು ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆ ಬಾಯಿ ಬಿಡುವಂತಿಲ್ಲ. ನಮ್ಮ ಕಡೆ ಎರಡು ಮನೆಗೂ ಬೇಕಾದ ನಾದಿನಿಯ ಪಾಡು.

ಒಂದು ಸಾಲಿನಲ್ಲಿ ತಳಗಳು ಬರುತ್ತಿದ್ದವು. ಬರೀ ತಳ: ನೆಲ, ಎಂಜಿನ್ ಕೂರುವ ತೊಟ್ಟಿಲು, ಚಕ್ರದ ತೋಳುಗಳು. ಯಾವುದು ಯಾರದು ಎಂದು ನೋಡಿದರೆ ತಿಳಿಯದು. ಮುಂದೆ ಹೋದಂತೆ ಒಂದಕ್ಕೆ ಗುಂಡುಗುಂಡಾದ ಮೈ, ಅದರ ಹಿಂದಿನದಕ್ಕೆ ಚೂಪುಮೂತಿಯ ಮೈ. ಕೊನೆಯಲ್ಲಿ ಎರಡೂ ಒಂದರ ಪಕ್ಕ ಒಂದು ನಿಂತಾಗ ಹುಟ್ಟು ವೈರಿಗಳಂತೆ ಗುರಾಯಿಸುತ್ತಿದ್ದವು.

"ಹಾಗಾದರೆ ಗಿರಾಕಿ ಎರಡರಲ್ಲಿ ಒಂದನ್ನು ಆರಿಸುವುದು ಯಾತರ ಮೇಲೆ?" ಎಂದು ಕೇಳಿದೆ.

ನೆರ್ಮಿನ್ ಒಂದು ಕಾರಿನ ಬಾಗಿಲು ಹಾಕಿದರು. ದಪ್ ಎಂದಿತು. ಇನ್ನೊಂದರ ಬಾಗಿಲು ಹಾಕಿದರು. ಟಪ್ ಎಂದಿತು. "ಈ ಸದ್ದಿಗೆ ಎರಡೂ ಕಡೆ ಬೇರೆ ಬೇರೆ ಎಂಜಿನಿಯರುಗಳಿದ್ದಾರೆ. ಇದನ್ನು ಮಾತ್ರ ಎಂದೂ ಹಂಚಿಕೊಳ್ಳುವುದಿಲ್ಲ" ಎಂದರು.

ಊಟದ ಮನೆಯಲ್ಲಿ ನೀಲಿಯವರು ಕಿಟಕಿಯ ಕಡೆ, ಬೂದು ಪಟ್ಟಿಯವರು ಗೋಡೆಯ ಕಡೆ. ಆದರೆ ಎರಡೂ ಕಡೆಯ ಬಟ್ಟಲಲ್ಲಿದ್ದದ್ದು ಒಂದೇ ಕೊಳದಪ್ಪಲೆಯ ಬೇಳೆ ಸಾರು, ನಮ್ಮ ಬೇಳೆಕಟ್ಟಿನ ಖಾರವಿಲ್ಲದ ತಂಗಿ. ನನಗೆ ಹುರಿ ಮಿಷನ್ನುಗಳ ಓಣಿ ನೆನಪಾಯಿತು. ವಿಜಯಪುರದಲ್ಲಿ ನಮ್ಮ ತಂದೆ ರೇಷ್ಮೆ ನೂಲಿಗೆ ಹುರಿ ಹಾಕುತ್ತಿದ್ದರು. ಅದೇ ಹುರಿ ಕಂಚಿಯವರಿಗೂ ಹೋಗುತ್ತಿತ್ತು, ಧರ್ಮಾವರದವರಿಗೂ ಹೋಗುತ್ತಿತ್ತು. ಮದುವೆ ಮನೆಯಲ್ಲಿ ಬೀಗತಿಯರು ನಿನ್ನದು ಹೆಚ್ಚೋ ನನ್ನದು ಹೆಚ್ಚೋ ಎಂದು ಸೆರಗು ಸರಿಮಾಡಿಕೊಳ್ಳುವಾಗ ನಮ್ಮ ತಂದೆ ಊಟದ ಪಂಕ್ತಿಯಲ್ಲಿ ಕೂತು ಸುಮ್ಮನೆ ನಗುತ್ತಿದ್ದರು. ಆ ನಗುವಿಗೆ ಇಂಗ್ಲಿಷಿನಲ್ಲಿ ಪ್ಲಾಟ್‌ಫಾರ್ಮ್ ಎಂಬ ಹೆಸರಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಗೂಡಿನ ಛತ್ರ

ಪರೀಕ್ಷೆಗೆ ಒಂದು ದಿನ ಬಿಡುವಿತ್ತು. ಬುರ್ಸಾ ಒಂದು ಕಾಲದಲ್ಲಿ ರೇಷ್ಮೆಯ ಊರು ಎಂದು ತಿಳಿದಾಗಿನಿಂದ ನನಗೆ ಸಮಾಧಾನವಿರಲಿಲ್ಲ. ಊರ ನಡುವೆ ಹಳೆಯ ಕಲ್ಲಿನ ಛತ್ರವಿದೆ. ಹಿಂದೆ ರೈತರು ಗೂಡು ತಂದು ಮಾರುತ್ತಿದ್ದ ಜಾಗ. ಈಗ ಸುತ್ತ ರೇಷ್ಮೆ ವಸ್ತ್ರದ ಅಂಗಡಿಗಳು, ನಡುವೆ ಮರದ ಕೆಳಗೆ ಚಹಾ. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಿಡಿದರೆ ಸುಡುತ್ತದೆ, ಬಿಟ್ಟರೆ ಆರುತ್ತದೆ.

ಇಮ್ತಿಯಾಜ್ ಹುಮ್ಮಸ್ಸಿನಲ್ಲಿದ್ದರು. ಅಂಗಡಿಯವನು ದುಕಾನ್‌ಗೆ ದುಕ್ಕಾನ್ ಎನ್ನುತ್ತಾನೆ, ಸಾಬೂನಿಗೆ ಸಾಬುನ್, ಹವಾ ಎಂದರೆ ಹವಾ. "ನೋಡಿ ಸ್ವಾಮಿ, ಅರ್ಧ ಭಾಷೆ ನಮ್ ಮನೇದೇ!" ಎಂದು ಬೀಗಿ, ಆ ಧೈರ್ಯದಲ್ಲಿ ಹೆಂಡತಿಗೆಂದು ಒಂದು ವಸ್ತ್ರದ ಚೌಕಾಸಿಗೆ ಇಳಿದರು. ಉಳಿದರ್ಧ ಭಾಷೆ ಚೌಕಾಸಿಯದಾಗಿತ್ತು. ಅಂಗಡಿಯವನು ಗದ್ದ ಮೇಲೆತ್ತಿ ಹುಬ್ಬು ಹಾರಿಸಿ 'ಚ್' ಎಂದ. ಇವರು ಒಪ್ಪಿದ ಎಂದುಕೊಂಡರು. ಅಲ್ಲಿ ಅದು ಇಲ್ಲ ಎನ್ನುವ ಸನ್ನೆ.

ನಾನು ಆ ವಸ್ತ್ರದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಿದ್ದೆ. ಅಂಗಡಿಯ ಮುದುಕ ನನ್ನ ಬೆರಳನ್ನು ನೋಡಿದ. ತನ್ನ ಬೆರಳನ್ನೂ ಹಾಗೇ ಉಜ್ಜಿ ತೋರಿಸಿದ. "ನೂಲು ಎಲ್ಲಿಯದು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ದೂರದ ಕಡೆಗೆ ಕೈ ಬೀಸಿದ. ಗೂಡು ಈಗ ಇಲ್ಲಿಗೆ ಬರುವುದಿಲ್ಲ ಎಂದ. ಛತ್ರಕ್ಕೆ ಗೂಡಿನ ಹೆಸರು ಮಾತ್ರ ಉಳಿದಿದೆ.

ಚಹಾ ಕುಡಿಯುತ್ತ ಕೂತೆವು. ಮೊದಲ ಬಾರಿಗೆ ಪೆಟ್ಟಿಗೆಗಳು ಇಬ್ಬರ ತೊಡೆಯ ಮೇಲೂ ಇರಲಿಲ್ಲ; ಆ ಬೆಳಿಗ್ಗೆ ಅಂಟುಪಟ್ಟಿ ಬಿಚ್ಚದೆಯೇ ಪ್ರಯೋಗಾಲಯಕ್ಕೆ ಒಪ್ಪಿಸಿದ್ದೆವು.

"ನಾಳೆ ಏನಾಗ್ತದೆ ಅಂತೀರಾ?" ಎಂದು ಕೇಳಿದೆ.

"ನಮ್ದು ಪಾಸಾಗ್ತದೆ" ಎಂದರು. ಲೋಟ ಕೆಳಗಿಟ್ಟು, "ನಿಮ್ದೂ ಆಗ್ಲಿ ಅಂತ ಹೇಳೋಣ ಅಂದ್ರೆ, ನಮ್ ಮಾಲೀಕರು ಕೇಳಿಸ್ಕೊಂಡ್ರೆ ಕೆಲ್ಸ ಹೋಗ್ತದೆ. ನಮ್ದೂ ಪರಿಸ್ಥಿತಿ ಅಷ್ಟಕ್ಕಷ್ಟೇ ಸ್ವಾಮಿ. ಪೂರ್ತಿ ಆರ್ಡರ್ ತಗೊಂಡೇ ಬರ್ಬೇಕು ಅಂತ ಕಳ್ಸಿದ್ದಾರೆ."

ಅಳತೆಯ ಕೋಣೆ

ಗಾಜಿನ ಗೋಡೆಯ ಆಚೆ ಯಂತ್ರದ ಒಂದು ತೋಳು. ತುದಿಯಲ್ಲಿ ಮಾಣಿಕ್ಯದ ಪುಟ್ಟ ಗುಂಡು. ಅದು ಬುಷ್‌ನ ಮೇಲೆ ಗೊತ್ತಾದ ಜಾಗಗಳಲ್ಲಿ ಮುಟ್ಟಿ ಮುಟ್ಟಿ ಅಳೆಯುತ್ತದೆ. ನಾವು ಈಚೆ, ಒಂದೇ ಬೆಂಚಿನ ಮೇಲೆ, ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡಸರ ಹಾಗೆ.

ಮೊದಲು ಹೊಸಕೋಟೆಯದು. ಎಲ್ಲ ಪಾಸು. ಆಮೇಲೆ ನಮ್ಮದು. ಒಂದು ಪಾಸು, ಇನ್ನೊಂದು ಪಾಸು. ಕೊನೆಯ ಪೀಸಿನ ಹತ್ತಿರ ಯಂತ್ರ ನಿಂತಿತು. ನೆರ್ಮಿನ್ ಮತ್ತೆ ಅಳೆಸಿದರು. ಮತ್ತೆ ಅದೇ. ಹೊರಗೆ ಬಂದು ಹೇಳಿದರು: ಒಳಗಿನ ಉಕ್ಕಿನ ಕೊಳವೆ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಉದ್ದ ಹೆಚ್ಚಿದೆ. ಒಂದು ಪೀಸು ತಪ್ಪಿದರೆ ಇಡೀ ಕಂತು ತಿರಸ್ಕೃತ. ನಿಯಮ ಇಬ್ಬರಿಗೂ ಒಂದೇ.

ಆ ಕೊಳವೆಯನ್ನು ದೊಡ್ಡಬಳ್ಳಾಪುರದಲ್ಲಿ ನಾನೇ ಅಳೆದಿದ್ದೆ. ನನ್ನ ಸ್ವಭಾವಕ್ಕೆ ತಕ್ಕಂತೆ ಅಳೆದದ್ದನ್ನೇ ಅಳೆದಿದ್ದೆ. ಆದರೂ ಆ ಕ್ಷಣ ಅನುಮಾನ ಬಂದದ್ದು ಯಂತ್ರದ ಮೇಲಲ್ಲ, ನನ್ನ ಮೇಲೇ. ಜಯಮ್ಮನಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟತೊಡಗಿದೆ. ಕಟ್ಟಿದಷ್ಟೂ ಬಿಚ್ಚಿಹೋಗುತ್ತಿತ್ತು.

"ಇದಕ್ಕೆ ಒಪ್ಪಿಗೆಯೇ? ಸಹಿ ಮಾಡುತ್ತೀರಾ?" ಎಂದರು ನೆರ್ಮಿನ್. ನಾನು ಅಭ್ಯಾಸಬಲದಿಂದ ನಮ್ಮ ರೀತಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ಓಲಾಡಿಸಿದೆ. ಅವರಿಗೆ ಹೌದೋ ಅಲ್ಲವೋ ತಿಳಿಯಲಿಲ್ಲ. ಪೆನ್ನು ಹಿಡಿದೇ ಕಾದರು.

ಅಷ್ಟರಲ್ಲಿ ಇಮ್ತಿಯಾಜ್ ಎದ್ದು ಹೋಗಿ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಅವರಿಗೆ ಪೂರ್ತಿ ಆರ್ಡರ್ ಬಂದಾಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಮೇಡಂ, ಆ ಕೊಳವೆ ತುದೀಲಿರೋ ಕೆಂಪು ಚುಕ್ಕೆ ನಿಮ್ದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲ. ಅದು ತಯಾರಕರ ಗುರುತಿನ ಬಣ್ಣ. ತಯಾರಕರ ಗುರುತನ್ನು ನಾವು ಅಳಿಸುವುದಿಲ್ಲ" ಎಂದರು ನೆರ್ಮಿನ್.

ನಾನು ಅದನ್ನು ಗಾಜಿನ ಈಚೆಯಿಂದ ಕಂಡಿದ್ದೆ. ಪ್ರಯೋಗಾಲಯದವರ ಗುರುತು ಎಂದುಕೊಂಡು ಸುಮ್ಮನಿದ್ದೆ.

ಇಮ್ತಿಯಾಜ್ ನನ್ನ ಕಡೆ ತಿರುಗಿದರು. "ಸ್ವಾಮಿ, ಕುಂಕುಮ ಕಣ್ರೀ ಅದು! ನಮ್ ಫ್ಯಾಕ್ಟ್ರೀಲೂ ಆಯುಧಪೂಜೇಲಿ ಪ್ರೆಸ್ಸಿಗೆ ಹಚ್ಚಿ ಸೆನ್ಸರ್ ಮುಚ್ಚೋಗಿ, ಒಂದ್ ದಿನ ಪೂರಾ ಮಿಷನ್ ಓಡ್ಲಿಲ್ಲ. ಎಣ್ಣೆ ಹಾಕಿ ಕಲಸಿದ್ರೆ ಕಲ್ಲು ಆಗ್ತದೆ ಅದು. ಬಾಯಲ್ಲಿ ಹೇಳ್ರೀ ಮೇಡಂಗೆ, ತಲೆ ಅಲ್ಲಾಡಿಸ್ತಾ ಕೂತ್ಕೋಬೇಡಿ!"

ಹೇಳಿದೆ. ಇಂಗ್ಲಿಷ್ ಮರೆಯಲಿಲ್ಲ, ಆದರೆ ಕುಂಕುಮಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ಯಾರೂ ಕಲಿಸಿರಲಿಲ್ಲ. ಹಬ್ಬದ ಕೆಂಪು ಪುಡಿ, ಆಶೀರ್ವಾದ, ಹೆಂಗಸರು, ಎಣ್ಣೆ ಎಂದು ಏನೇನೋ ಹೇಳಿದೆ. ನೆರ್ಮಿನ್ ಬಹಳ ಹೊತ್ತು ನನ್ನ ಮುಖ ನೋಡಿ ಒಳಗೆ ಹೋದರು. ಬಟ್ಟೆಗೆ ಏನೋ ದ್ರಾವಣ ಹಾಕಿ ಒರೆಸಿದರು. ಬಟ್ಟೆ ಕೆಂಪಾಯಿತು. ಮಾಣಿಕ್ಯದ ಗುಂಡು ಮತ್ತೆ ಬಂದು ಅದೇ ಜಾಗ ಮುಟ್ಟಿತು.

ಪಾಸು.

ಹೊರಗೆ ಬಂದ ಮೇಲೆ ಕೇಳಿದೆ: "ಇಮ್ತಿಯಾಜ್ ಭಾಯ್, ಯಾಕೆ ಹೇಳಿದ್ರಿ? ಮಾಲೀಕರಿಗೆ ಏನಂತೀರಿ?"

"ನಿಮ್ ಬುಷ್ ಚೆನ್ನಾಗಿತ್ತು ಅಂತೀನಿ. ಇನ್ನೇನು ಹೇಳ್ಲಿ?" ಎಂದರು. ಕಾರಿನ ಬಾಗಿಲು ತೆಗೆದವರು ಅರ್ಧದಲ್ಲೇ ನಿಂತರು. "ಅದೂ ಅಲ್ದೆ, ವಾಪಸ್ ಹೋಗೋ ವಿಮಾನದಲ್ಲಿ ನಿಮ್ ಪಕ್ಕದ ಸೀಟು ನಂದೇ. ಫೇಲಾದ ನಿಮ್ ಮುಖ ನೋಡ್ಕೊಂಡು ಬೆಂಗಳೂರುವರೆಗೂ ಯಾರು ಕೂರ್ತಾರೆ ಗುರು?"

ಹೋಟೆಲಿನಿಂದ ಜಯಮ್ಮನಿಗೆ ಫೋನು ಮಾಡಿದೆ. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು. ಅರ್ಧ ಕೆಲಸ ನಮಗೆ ಉಳಿಯಿತು ಎಂದೆ. ಆ ಕಡೆ ಅವಳು ಯಾರಿಗೋ ಕೂಗಿ ಹೇಳಿದಳು, ಯಾರೋ ಇನ್ಯಾರಿಗೋ ಕೂಗಿದರು. ಗದ್ದಲ ಇಳಿದ ಮೇಲೆ ಕುಂಕುಮದ ವಿಚಾರ ತೆಗೆದೆ.

"ನಾನೇ ಸಾರ್ ಇಟ್ಟಿದ್ದು. ನೀವು ಅಂಟುಪಟ್ಟಿ ತರೋಕೆ ಒಳಗೆ ಹೋದ್ರಲ್ಲ, ಆವಾಗ. ಅಷ್ಟು ದೂರ ಹೋಗೋದಕ್ಕೆ ಬರಿ ಹಣೇಲಿ ಕಳ್ಸೋಕಾಗ್ತದಾ?"

"ಅದರಿಂದಾನೇ ಫೇಲಾಗೋದ್ರಲ್ಲಿತ್ತು ಜಯಮ್ಮ."

"ಆಯ್ತಾ?"

"ಆಗ್ಲಿಲ್ಲ."

"ಮತ್ತೆ? ಇಟ್ಟಿದ್ದಕ್ಕೇ ಆಗ್ಲಿಲ್ಲ." ಆಮೇಲೆ ತೀರಾ ಕೆಲಸದ ದನಿಯಲ್ಲಿ, "ಅವರು ಅಳತೆ ತಗೊಳ್ದಿರೋ ಜಾಗ ಯಾವ್ದು ಹೇಳಿ ಸಾರ್. ಮುಂದಿನ ಸಲ ಅಲ್ಲಿಗೇ ಇಡ್ತೀನಿ."

ಬೈಯಬೇಕು ಎಂದುಕೊಂಡೇ ಚೀಲದಿಂದ ನಕ್ಷೆ ತೆಗೆದು ಹಾಸಿಗೆಯ ಮೇಲೆ ಹರಡಿದೆ. ಇಮ್ತಿಯಾಜ್ ಕನ್ನಡಕ ಏರಿಸಿಕೊಂಡು ಪಕ್ಕಕ್ಕೆ ಬಂದು ಬಗ್ಗಿದರು. ರಬ್ಬರಿನ ಹೊರ ಅಂಚಿನಲ್ಲಿ, ಯಾವ ಅಳತೆಯ ಗೆರೆಯೂ ಮುಟ್ಟದ, ಒಂದು ಬೆರಳ ತುದಿಯಷ್ಟು ಜಾಗವನ್ನು ಅವರೇ ತೋರಿಸಿದರು.